ಚರ್ಮದ ಕ್ಯಾನ್ಸರಿಗೂ ಸ್ತ್ರೀರೋಗ ಕ್ಯಾನ್ಸರಿಗೂ ‘ಸೆಂಟಿನೆಲ್ ನೋಡ್’ ಪರೀಕ್ಷೆ ಮಾಡುವುದೇಕೆ?

ಎರಡೂ ಕಡೆ ವೈದ್ಯರಿಗೆ ಬೇಕಾದ ಉತ್ತರ ಒಂದೇ: ಗಡ್ಡೆಯಿಂದ ಕಳಚಿಕೊಂಡ ಕೋಶಗಳು ದುಗ್ಧಗ್ರಂಥಿಯನ್ನು (ಲಿಂಫ್ ನೋಡ್) ತಲುಪಿವೆಯೇ? ಆ ಜಾಗದ ದುಗ್ಧರಸ ಮೊದಲು ಹರಿದು ಸೇರುವ ಗ್ರಂಥಿಯೇ ಸೆಂಟಿನೆಲ್ ನೋಡ್, ಒಂದು ರೀತಿಯ ಕಾವಲುಗಾರ. ಗಡ್ಡೆಯ ಸುತ್ತ ನೀಲಿ ಬಣ್ಣವನ್ನೋ ಅಲ್ಪ ವಿಕಿರಣಶೀಲ ಟೆಕ್ನೀಶಿಯಂ ಅನ್ನೋ ಚುಚ್ಚಿದರೆ ಅದು ಅಲ್ಲಿಗೆ ಹೋಗಿ ಸೇರುತ್ತದೆ. ಆ ಗ್ರಂಥಿಯನ್ನಷ್ಟೇ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗರ್ಭಕೋಶದ ಒಳಪದರದ ಕ್ಯಾನ್ಸರಿನಲ್ಲಿ ಮಾತ್ರ ಗರ್ಭಕೊರಳಿಗೆ ಚುಚ್ಚುವುದು ರೂಢಿ.

ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಈ ವಿಧಾನವನ್ನು ಶಸ್ತ್ರವೈದ್ಯ ಡೊನಾಲ್ಡ್ ಮಾರ್ಟನ್ ತಂಡ 1992ರಲ್ಲಿ ಪ್ರಕಟಿಸಿತು. ಅದಕ್ಕೂ ಮೊದಲು ಬರೀ ಅನುಮಾನದ ಮೇಲೆ ಗ್ರಂಥಿಗಳ ಗೊಂಚಲನ್ನೇ ತೆಗೆಯುವುದಿತ್ತು. ಯೋನಿದ್ವಾರದ ಕ್ಯಾನ್ಸರಿಗಾಗಿ ತೊಡೆಸಂದಿನ ಗ್ರಂಥಿಗಳನ್ನೆಲ್ಲ ಕಳೆದುಕೊಂಡು, ಊದಿದ ಕಾಲಿನೊಂದಿಗೆ ಬದುಕಬೇಕಾದವರ ಕಷ್ಟ ಸಣ್ಣದಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2017ರ ಅಧ್ಯಯನ. ಮೆಲನೋಮಾ ರೋಗಿಗಳ ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡರೂ ಉಳಿದವನ್ನು ತಕ್ಷಣ ತೆಗೆದದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಅಲ್ಟ್ರಾಸೌಂಡ್ ನಿಗಾ ಸಾಕಾಯಿತು. ಇದನ್ನು ಯೋನಿದ್ವಾರದ ಕ್ಯಾನ್ಸರಿಗೆ ಹಾಗೆಯೇ ಅನ್ವಯಿಸಬಾರದು. ಅಲ್ಲಿ ಗ್ರಂಥಿಯಲ್ಲಿನ ಕ್ಯಾನ್ಸರ್ 2 ಮಿಲಿಮೀಟರ್ ಮೀರದಿದ್ದರೆ ವಿಕಿರಣ ಚಿಕಿತ್ಸೆ ಸಾಲಬಹುದು, ದೊಡ್ಡದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೂ ಬೇಕು.