ಇನ್ನೇನು ಹೊರಡಬೇಕು ಅನ್ನುವಷ್ಟರಲ್ಲಿ... ಡಚ್‌ನಲ್ಲಿ ಹೇಗೆ?

ಪ್ರಶ್ನೆ: ‘ನಿನಗೆ ಇನ್ನೇನು ಫೋನ್ ಮಾಡೋದರಲ್ಲಿದ್ದೆ’ ಅನ್ನಲು ‘ಇಕ್ ಸ್ಟೊಂಟ್ ಒಪ್ ಹೆಟ್ ಪುಂಟ್ ಒಮ್ ಯೆ ಟೆ ಒಪ್‌ಬೆಲ್ಲೆನ್’ ಎಂದು ಬರೆದೆ. ತರಗತಿಯಲ್ಲಿ ತಪ್ಪು ಅಂದರು. ಎಲ್ಲಿ ಎಡವಿದೆ?
– ಓದುಗರು, ಐಂಡ್‌ಹೋವನ್

ಉತ್ತರ: ‘ಟೆ’ (ಇಂಗ್ಲಿಷಿನ ‘ಟು’ ಥರದ್ದು) ಕೂತ ಜಾಗ ತಪ್ಪು, ಉಳಿದದ್ದೆಲ್ಲ ಸರಿ. ‘ಒಪ್‌ಬೆಲ್ಲೆನ್’ (ಫೋನ್ ಮಾಡು) ಒಡೆಯುವ ಕ್ರಿಯಾಪದ, ಅಂದರೆ ‘ಒಪ್’, ‘ಬೆಲ್ಲೆನ್’ ಎಂದು ಎರಡಾಗುವಂಥದ್ದು. ‘ಟೆ’ ಅದರ ಮುಂದೆ ನಿಲ್ಲುವುದಿಲ್ಲ, ನಡುವೆ ನುಗ್ಗುತ್ತದೆ: ‘ಒಮ್ ಯೆ ಒಪ್ ಟೆ ಬೆಲ್ಲೆನ್’. ಬರೆಯುವಾಗ ಒಪ್, ಟೆ, ಬೆಲ್ಲೆನ್ ಮೂರೂ ಬಿಡಿ ಬಿಡಿ. ಭೂತಕೃದಂತದ (‘ಮಾಡಿದ’ ಥರದ ರೂಪದ) ‘ಖೆ’ ಕೂಡ ನಡುವೆಯೇ ಬರುತ್ತದೆ, ಆದರೆ ಅಲ್ಲಿ ಎಲ್ಲ ಒಂದೇ ಪದ: ‘ಒಪ್‌ಖೆಬೆಲ್ಟ್’. (ಗಂಟಲಿನಿಂದ ಬರುವ ಡಚ್ ‘ಗ’ವನ್ನು ಇಲ್ಲಿ ‘ಖ’ ಎಂದು ಬರೆದಿದ್ದೇವೆ.)

ಮಾತಿನಲ್ಲಿ ಇಷ್ಟುದ್ದ ಬೇಕಿಲ್ಲ. ‘ಇಕ್ ವಿಲ್ಡೆ ಯೆ ನೆಟ್ ಒಪ್‌ಬೆಲ್ಲೆನ್’ ಅಂದರೆ ಸಾಕು, ನಮ್ಮ ‘ಇನ್ನೇನು’ವಿನ ಕೆಲಸವನ್ನು ‘ನೆಟ್’ ಮಾಡುತ್ತದೆ. ‘ವಿಲ್ಡೆ’ ಇದ್ದಲ್ಲಿ ‘ಟೆ’ ಬರುವುದಿಲ್ಲ, ಹಾಗಾಗಿ ಕ್ರಿಯಾಪದವೂ ಒಡೆಯುವುದಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲೇ ಮಾಡುತ್ತೇನೆ ಅನ್ನುವುದಾದರೆ ‘ಇಕ್ ಬೆಲ್ ಯೆ ಝೋ ಒಪ್’: ‘ಒಪ್’ ವಾಕ್ಯದ ಕೊನೆಗೆ ಹೋಯಿತು. ಅದೇ ‘ಒಮ್‌ದಟ್’ (ಏಕೆಂದರೆ) ಸೇರಿಸಿ ನೋಡಿ, ಕ್ರಿಯಾಪದವೇ ಕೊನೆಗೆ ಓಡಿ ‘ಒಪ್’ ಜೊತೆ ಮತ್ತೆ ಅಂಟಿಕೊಳ್ಳುತ್ತದೆ: ‘ಒಮ್‌ದಟ್ ಇಕ್ ಯೆ ಝೋ ಒಪ್‌ಬೆಲ್’.

ಪ್ರಶ್ನೆ: ‘ದೆ ಬೋಮ್ ದ್ರೈಖ್ಟ್ ಒಮ್ ಟೆ ಫಲ್ಲೆನ್’ – ಇಲ್ಲಿಯ ‘ಒಮ್’ ಕೂಡ ‘ಸಲುವಾಗಿ’ ಅನ್ನುವ ‘ಒಮ್’ ಅಲ್ಲವೇ?

ಉತ್ತರ: ಅಲ್ಲ. ಇದು ‘ಒಮ್‌ಫಲ್ಲೆನ್’ (ಉರುಳಿ ಬೀಳು) ಕ್ರಿಯಾಪದದ ತುಂಡು. ‘ಮರ ಇನ್ನೇನು ಉರುಳುವ ಹಾಗಿದೆ’ ಎಂದರ್ಥ. ಬೇಡದ್ದು ನಡೆಯುವ ಹಾಗಿದ್ದಾಗ ‘ದ್ರೈಖನ್’ ಬಳಸುತ್ತಾರೆ, ಅದರ ಜೊತೆ ಬರೀ ‘ಟೆ’ ಸಾಕು. ಎರಡು ‘ಒಮ್’ ಒಟ್ಟಿಗೆ ಬಂದರೂ ಗಾಬರಿ ಬೇಡ: ‘ಸ್ಟಾಟ್ ಒಪ್ ಹೆಟ್ ಪುಂಟ್ ಒಮ್ ಒಮ್ ಟೆ ಫಲ್ಲೆನ್’ ವ್ಯಾಕರಣಕ್ಕೆ ಸರಿಯೇ. ಕಿವಿಗೆ ಒರಟು ಅನ್ನಿಸಿದರೆ ಮೊದಲನೆಯದನ್ನು ಬಿಡಿ, ಅದು ಐಚ್ಛಿಕ.

ಪ್ರಶ್ನೆ: ಯಾವುದು ಒಡೆಯುತ್ತದೆ, ಯಾವುದು ಇಲ್ಲ – ಗುರುತಿಸುವುದು ಹೇಗೆ?

ಉತ್ತರ: ಒತ್ತು ಕೇಳಿಸಿಕೊಳ್ಳಿ. ಮೊದಲ ತುಂಡಿನ ಮೇಲೆ ಒತ್ತು ಬಿದ್ದರೆ ಒಡೆಯುತ್ತದೆ. ‘ಬೆ’, ‘ಖೆ’, ‘ಫರ್’, ‘ಒಂಟ್’ಗಳಿಂದ ಶುರುವಾದವು ಒಡೆಯುವುದಿಲ್ಲ, ಆದ್ದರಿಂದ ‘ಹೊರಡು’ಗೆ ‘ಒಮ್ ಟೆ ಫರ್‌ಟ್ರೆಕ್ಕೆನ್’. ‘ಫೋರ್‌ಕೊಮೆನ್’ ಮಾತ್ರ ಪಕ್ಕಾ ಕಿಲಾಡಿ: ‘ಫೋರ್’ ಮೇಲೆ ಒತ್ತಿದರೆ ‘ಸಂಭವಿಸು’, ಒಡೆಯುತ್ತದೆ, ‘ಕೊ’ ಮೇಲೆ ಒತ್ತಿದರೆ ‘ತಡೆಗಟ್ಟು’, ಒಡೆಯುವುದಿಲ್ಲ.

ಪ್ರಶ್ನೆ: ‘ಇಕ್ ಖಾ ವೆಖ್‌ಖಾನ್’ (ನಾನು ಇನ್ನೇನು ಹೊರಡುತ್ತೇನೆ) ಅನ್ನಬಹುದೇ?

ಉತ್ತರ: ‘ಹೋಗು’ವಿನ ಮೇಲೆ ‘ಹೋಗು’ ಹೇರಿದ ಹಾಗಾಯಿತು. ಬೆಲ್ಜಿಯಂ ಕಡೆ ಇಂಥದ್ದು ಕಿವಿಗೆ ಬೀಳುತ್ತದೆ, ನೆದರ್ಲೆಂಡ್ಸಿನಲ್ಲಿ ‘ಇಕ್ ಖಾ ಝೋ ವೆಖ್’ ಅನ್ನಿ.