ಹಳೇ ಬ್ರಿಟಿಷ್ ಬೈಕು, ಹೊಸ ಪಾರ್ಟು: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೇ ಟ್ರಯಂಫ್, ಬಿಎಸ್‌ಎ ಗಾಡಿಗಳನ್ನ ಮತ್ತೆ ರಸ್ತೆಗೆ ಇಳಿಸ್ತಾ ಇರೋರದ್ದು. ಅದಕ್ಕೇ ಇಡೀ ಅಂಕಣ ಅವರಿಗೇ ಬಿಟ್ಟಿದೀನಿ.

ಪ್ರಶ್ನೆ: 1969ರ ಟ್ರಯಂಫ್ ಬಾನೆವಿಲ್ ಟಿ120 ಸಿಕ್ಕಿದೆ ಸರ್, ಇಂಜಿನ್ ಅರ್ಧ ಬಿಚ್ಚಿದೆ, ಮಿಕ್ಕಿದ್ದೆಲ್ಲ ಡಬ್ಬಗಳಲ್ಲಿದೆ. ಒಬ್ರು ಒರಿಜಿನಲ್ ಪಾರ್ಟೇ ಹುಡುಕಿ ಹಾಕು ಅಂತಾರೆ, ಇನ್ನೊಬ್ರು ಎಲ್ಲಾ ಹೊಸದೇ ಸಿಗುತ್ತೆ, ತರಿಸ್ಕೊಂಡು ಜೋಡಿಸಿಬಿಡು ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಪಾರ್ಟ್ ನೋಡ್ಕೊಂಡು ತೀರ್ಮಾನ ಮಾಡ್ಬೇಕು, ಇಡೀ ಗಾಡಿಗೆ ಒಂದೇ ಮಾತು ಹೇಳೋಕಾಗಲ್ಲ. ಕ್ರ್ಯಾಂಕ್‌ಕೇಸು, ಹಬ್ಬು, ಮಡ್‌ಗಾರ್ಡು, ಟ್ಯಾಂಕು ಇವೆಲ್ಲ ಒರಿಜಿನಲ್ ಇದ್ರೆ ಎಷ್ಟೇ ಕೆಟ್ಟಿದ್ರೂ ಕೈಬಿಡಬೇಡಿ, ಹೊಸದಾಗಿ ಬರೋ ತಗಡಿನ ಪಾರ್ಟುಗಳಲ್ಲಿ ತೂತಿಗೆ ತೂತು ಸೇರಲ್ಲ, ಎಳೆದು ಬಗ್ಗಿಸಿ ಕೂರಿಸೋದ್ರಲ್ಲೇ ಪೇಂಟ್ ಎದ್ದೋಗುತ್ತೆ. ರಬ್ಬರು, ಆಯಿಲ್ ಸೀಲು, ಬೇರಿಂಗು, ಗ್ಯಾಸ್ಕೆಟ್ಟು ಮಾತ್ರ ಕಣ್ಣುಮುಚ್ಚಿ ಹೊಸದೇ ಹಾಕಿ. ಪ್ಯಾಕೆಟ್ ಒಡೆಯದ ಹಳೇ ಸ್ಟಾಕ್ ಅಂತ ದುಡ್ಡು ಜಾಸ್ತಿ ಕೊಟ್ಟು ಸೀಲು ತರೋರಿದಾರೆ, ಐವತ್ತು ವರ್ಷ ಡಬ್ಬದಲ್ಲೇ ಕೂತಿದ್ರೂ ರಬ್ಬರ್ ಗಟ್ಟಿಯಾಗೇ ಆಗಿರುತ್ತೆ, ಈಗಿನ ವೈಟಾನ್ ಅನ್ನೋ ಕೃತಕ ರಬ್ಬರಿನ ಸೀಲು ಅದಕ್ಕಿಂತ ಎಷ್ಟೋ ಪಾಲು ಮೇಲು.

ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಕಂಡಿದ್ದು ಬೇರೆ. ಇಂಜಿನ್ ಅರ್ಧ ಬಿಚ್ಚಿದೆ ಅಂದ್ರಿ, ದಯವಿಟ್ಟು ಪೂರ್ತಿ ಬಿಚ್ಚಿ. ಈ ಇಂಜಿನ್ನಿನ ಕ್ರ್ಯಾಂಕ್ ಒಳಗೆ ಒಂದು ಟ್ಯೂಬ್ ಇದೆ, ಸ್ಲಡ್ಜ್ ಟ್ರ್ಯಾಪ್ ಅಂತಾರೆ. ಆ ಕಾಲದಲ್ಲಿ ಆಯಿಲಿಗೆ ಸರಿಯಾದ ಫಿಲ್ಟರ್ ಇರಲಿಲ್ಲ, ತಂತಿ ಜಾಲರಿ ಅಷ್ಟೆ, ಹಾಗಾಗಿ ಕ್ರ್ಯಾಂಕ್ ತಿರುಗೋ ರಭಸಕ್ಕೆ ಆಯಿಲಲ್ಲಿರೋ ಕೊಳೆಯೆಲ್ಲ ಈ ಟ್ಯೂಬಿನ ಗೋಡೆಗೆ ಹೋಗಿ ಅಂಟ್ಕೊಳ್ಳಲಿ, ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನ ಹಿಡಿಯೋ ಬೇರಿಂಗಿಗೆ) ಶುದ್ಧ ಆಯಿಲ್ ಹೋಗಲಿ ಅಂತ ಮಾಡಿದ ವ್ಯವಸ್ಥೆ ಅದು. ವರ್ಷಗಟ್ಲೆ ಯಾರೂ ಬಿಚ್ಚದೇ ಇದ್ರೆ ಒಳಗೆ ಕಪ್ಪಗೆ, ಗಟ್ಟಿಯಾಗಿ ತುಂಬ್ಕೊಂಡಿರುತ್ತೆ, ಆಯಿಲ್ ಹೋಗೋಕೆ ದಾರೀನೇ ಇರಲ್ಲ. ಹೊಸ ಪಿಸ್ಟನ್ನು, ಹೊಸ ಬಿಗ್ ಎಂಡ್ ಶೆಲ್ಲು, ಫಳಫಳ ಅನ್ನೋ ಕ್ರೋಮು ಎಲ್ಲಾ ಹಾಕಿ ಇದೊಂದನ್ನ ಬಿಟ್ರೆ ಬಿಗ್ ಎಂಡ್ ಕಚ್ಕೊಳ್ಳುತ್ತೆ. ಬಿಚ್ಚೋವಾಗ ಮೊದಲು ಫ್ಲೈವೀಲ್ ಬೋಲ್ಟುಗಳಲ್ಲಿ ಟ್ಯೂಬನ್ನ ಹಿಡ್ಕೊಂಡಿರೋದನ್ನ ತೆಗೀರಿ, ಅದರ ತುದಿ ಟ್ಯೂಬಿನ ತೂತೊಳಗೆ ಕೂತಿರುತ್ತೆ, ಅದನ್ನ ಮರೆತು ಎಳೆದ್ರೆ ಟ್ಯೂಬ್ ಹಾಳಾಗುತ್ತೆ. ತುದೀಲಿರೋ ಪ್ಲಗ್ಗಿಗೆ ಪಂಚ್ ಹೊಡೆದು ಲಾಕ್ ಮಾಡಿರ್ತಾರೆ, ಆ ಗುರುತನ್ನ ಡ್ರಿಲ್ಲಿಂದ ತೆಗೆದು, ಚೆನ್ನಾಗಿ ಬಿಸಿ ಮಾಡಿ ಆಮೇಲೆ ತಿರುಗಿಸಿ. ವಾಪಸ್ ಹಾಕೋವಾಗ ಟ್ಯೂಬಿನ ತೂತು ಬೋಲ್ಟಿನ ನೇರಕ್ಕೇ ಬರಬೇಕು.

ಹೊಸ ಪಿಸ್ಟನ್ ವಿಷಯಕ್ಕೆ ಬಂದ್ರೆ, ಪಿಸ್ಟನ್ ಕೈಗೆ ಬರೋವರೆಗೂ ಸಿಲಿಂಡರ್ ಬೋರ್ ಮಾಡಿಸಬೇಡಿ. ಇದರ ಬೋರ್ 71 ಎಂಎಂ, ಸ್ಟ್ರೋಕ್ 82, ಓವರ್‌ಸೈಜ್ ಅಂತ ಪ್ಯಾಕೆಟ್ ಮೇಲೆ ಬರೆದಿರೋದನ್ನ ನಂಬ್ಕೊಂಡು ಮೊದಲೇ ಬೋರ್ ಮಾಡಿಸಿದ್ರೆ, ಈಗಿನ ಪಿಸ್ಟನ್ನಿನ ಲೋಹಕ್ಕೆ ಬೇಕಾದ ಗ್ಯಾಪ್ ಬೇರೆ ಆಗಿದ್ರೆ ಏನ್ಮಾಡ್ತೀರಿ? ಪಿಸ್ಟನ್ ಅಳತೆ ತಗೊಂಡು, ಅದರ ಜೊತೆ ಬಂದ ಚೀಟೀಲಿ ಹೇಳಿರೋ ಗ್ಯಾಪ್ ಇಟ್ಟು ಬೋರ್ ಮಾಡಿಸಿ. ರಿಂಗು ಅಷ್ಟೇ, ಒಂದೊಂದನ್ನೂ ಬೋರ್ ಒಳಗೆ ಬಿಟ್ಟು ಪಿಸ್ಟನ್ ತಲೆಯಿಂದ ನೇರಕ್ಕೆ ಒಂದಿಂಚು ಕೆಳಗೆ ತಳ್ಳಿ, ರಿಂಗಿನ ಎರಡು ತುದಿ ಮಧ್ಯೆ ಫೀಲರ್ ಗೇಜ್ ಹಾಕಿ ನೋಡಿ, 0.010ರಿಂದ 0.014 ಇಂಚ್ ಇರಬೇಕು. ಕಮ್ಮಿ ಇದ್ರೆ ಸಣ್ಣ ಅರದಲ್ಲಿ ಉಜ್ಜಿ. ಹೊಸ ಪಾರ್ಟ್ ಅಂದ ಮಾತ್ರಕ್ಕೆ ಸರಿಯಾದ ಪಾರ್ಟ್ ಅಂತಲ್ಲ, ಅಳೆದ ಮೇಲೇನೇ ಅದು ನಿಮ್ಮ ಇಂಜಿನ್ನಿಂದು.

ಪ್ರಶ್ನೆ: ಬೋಲ್ಟು ಎಲ್ಲಾ ತುಕ್ಕು ಹಿಡಿದಿದೆ, ಸ್ಟೇನ್‌ಲೆಸ್ ಸ್ಟೀಲಿಂದು ಹಾಕೋಣ ಅಂತಿದೀನಿ. ಆದ್ರೆ ಕೆಲವು ಎರಡು ಸುತ್ತು ಹೋಗಿ ಸಿಕ್ಕಾಕೊಳ್ತವೆ, ಸ್ಪ್ಯಾನರೂ ಸರಿಯಾಗಿ ಕೂರಲ್ಲ.

ಉತ್ತರ: ಬಲ ಹಾಕ್ಬೇಡಿ, ಅಲ್ಲೇ ನಿಲ್ಲಿಸಿ. ಹಳೇ ಬ್ರಿಟಿಷ್ ಗಾಡೀಲಿ ಥ್ರೆಡ್ ಒಂದೇ ಜಾತಿ ಅಲ್ಲ. 5/16 ಇಂಚ್ ಬೋಲ್ಟ್ ಒಂದನ್ನೇ ತಗೊಳ್ಳಿ, ಸೈಕಲ್ ಥ್ರೆಡ್ ಆದ್ರೆ ಇಂಚಿಗೆ 26 ಸುತ್ತು, ಯುಎನ್‌ಎಫ್ (ಯೂನಿಫೈಡ್ ಫೈನ್) ಆದ್ರೆ 24, ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ಆದ್ರೆ 22. ಕಣ್ಣಿಗೆ ಮೂರೂ ಒಂದೇ. 60ರ ದಶಕದ ಕೊನೇಲಿ ಟ್ರಯಂಫ್ ಯುಎನ್‌ಎಫ್ ಕಡೆ ಹೊರಳ್ತಾ ಇತ್ತು, ಹಾಗಾಗಿ ಆ ವರ್ಷಗಳ ಗಾಡೀಲಿ ಹಳೇ ಬ್ರಿಟಿಷ್ ಥ್ರೆಡ್ಡು, ಯುಎನ್‌ಎಫ್ ಎರಡೂ ಬೆರೆತಿರುತ್ತೆ. ಮೆಟ್ರಿಕ್ ಎಂ8 ಬೋಲ್ಟ್ ಕೂಡ 5/16ಕ್ಕೆ ಕೂದಲೆಳೆ ಅಷ್ಟೇ ವ್ಯತ್ಯಾಸ, ಹಿಂದಿನ ಯಾರೋ ಅದನ್ನೇ ತುರುಕಿ ಅಲ್ಯೂಮಿನಿಯಂ ಥ್ರೆಡ್ ಕಿತ್ತಿರಬಹುದು, ಅದನ್ನೂ ನೋಡಿ. ಒಂದು ಥ್ರೆಡ್ ಗೇಜ್ ತಗೊಂಡು ಪ್ರತಿ ಬೋಲ್ಟಿನ ಹಲ್ಲಿಗೆ ಹಿಡಿದು ಬೆಳಕಿಗೆ ನೋಡಿ, ಸಂದಿಲಿ ಬೆಳಕು ಕಂಡ್ರೆ ಅದಲ್ಲ. ಸ್ಪ್ಯಾನರ್ ಕೂರದೇ ಇರೋದಕ್ಕೆ ಕಾರಣ, ವಿಟ್ವರ್ತ್ ಅನ್ನೋ ಹಳೇ ಬ್ರಿಟಿಷ್ ಅಳತೆಯ ಸ್ಪ್ಯಾನರ್ ಮೇಲಿರೋ ನಂಬರು ಬೋಲ್ಟಿನ ದಪ್ಪದ್ದು, ತಲೆಯ ಅಗಲದ್ದಲ್ಲ. ಅದರದ್ದೇ ಒಂದು ಸೆಟ್ ತಗೊಳ್ಳಿ, ಮೆಟ್ರಿಕ್ ಸ್ಪ್ಯಾನರಲ್ಲಿ ಮೂಲೆ ಉರುಟಾಗೋಗುತ್ತೆ.

ಸ್ಟೇನ್‌ಲೆಸ್ ನೋಡೋಕೆ ಚೆನ್ನ, ಕವರಿನ ಸ್ಕ್ರೂಗಳಿಗೆ ಹಾಕಿ, ಅಲ್ಯೂಮಿನಿಯಮ್ಮಿಗೆ ಹೋಗೋ ಕಡೆ ಆಂಟಿ ಸೀಜ್ ಹಚ್ಚಿ. ಆಕ್ಸಲ್ಲು, ಬ್ರೇಕ್ ಆಂಕರ್, ಹೆಡ್ ಬೋಲ್ಟ್ ಇಂಥ ಭಾರ ಹೊರೋ ಜಾಗಕ್ಕೆ ಬೇಡ. ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟಿಗೆ ಅಲ್ಲಿ ಬೇಕಾದಷ್ಟು ಶಕ್ತಿ ಇರಲ್ಲ.

ಪ್ರಶ್ನೆ: ಪಾಯಿಂಟ್ (ಕಿಡಿ ಹಾರಿಸೋಕೆ ಕರೆಂಟ್ ಕಟ್ ಮಾಡೋ ಕಾಂಟ್ಯಾಕ್ಟು) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ರೆ ಒಳ್ಳೇದಾ? ನಮ್ಮ ಎಲೆಕ್ಟ್ರಿಷಿಯನ್ ವೈರ್ ಜೋಡಿಸ್ತಿದ್ದಂಗೆ ಫ್ಯೂಸ್ ಹೋಯ್ತು.

ಉತ್ತರ: ಹಾಕಿ, ಓಡಿಸೋ ಗಾಡಿಗೆ ನಾನು ಮೊದಲು ಹೇಳೋ ಬದಲಾವಣೇನೇ ಅದು. ಇಂಜಿನ್ ವೇಗಕ್ಕೆ ತಕ್ಕಂತೆ ಕಿಡಿಯನ್ನ ಮುಂಚೆ ತರೋ ಹಳೇ ಆಟೋ ಅಡ್ವಾನ್ಸ್ ಯೂನಿಟ್ಟಿನ ಸ್ಪ್ರಿಂಗ್ ಸಡಿಲ ಆಗಿ ಟೈಮಿಂಗ್ ಕುಣೀತಾ ಇರುತ್ತೆ, ಅದರಿಂದಾನೇ ಕಿಕ್ ವಾಪಸ್ ಹೊಡೆಯೋದು, ಪಿಸ್ಟನ್ ಕಾಯೋದು ಎಲ್ಲಾ.

ಫ್ಯೂಸ್ ಹೋಗಿದ್ದಕ್ಕೆ ಕಾರಣ ಬಹುಶಃ ಇದು. ಆ ಕಾಲದ ಲೂಕಾಸ್ ವೈರಿಂಗಲ್ಲಿ ಬ್ಯಾಟರಿ ಪಾಸಿಟಿವ್ ಫ್ರೇಮಿಗೆ ಅರ್ತ್ ಆಗಿರುತ್ತೆ, ಮತ್ತೆ ಕೆಂಪು ವೈರೇ ಅರ್ತ್. ಈಗಿನವ್ರು ಕೆಂಪು ಕಂಡ್ರೆ ಕರೆಂಟ್ ಅಂದ್ಕೊಂಡು ಜೋಡಿಸ್ತಾರೆ. ಫ್ಯೂಸ್ ಹೋಗಿದ್ದು ಪುಣ್ಯ, ಉಲ್ಟಾ ಕೊಟ್ಟಿದ್ರೆ ಹೊಸ ಇಗ್ನಿಷನ್ ಬಾಕ್ಸೇ ಸುಟ್ಟೋಗ್ತಿತ್ತು. ಹೊಸ ರೆಗ್ಯುಲೇಟರ್, ಎಲ್ಇಡಿ ಬಲ್ಬ್ ತಗೊಳ್ಳೋವಾಗಲೂ ಪಾಸಿಟಿವ್ ಅರ್ತಿಗೆ ಆಗುತ್ತಾ ಅಂತ ಕೇಳಿ ತಗೊಳ್ಳಿ. ಹೊಸ ರೆಗ್ಯುಲೇಟರ್ ಹಾಕಿದ್ರೆ ಹೆಡ್‌ಲೈಟ್ ಕೆಳಗಿರೋ, ವೋಲ್ಟೇಜ್ ಮೀರದಂಗೆ ತಡೆಯೋ ಝೀನರ್ ಡಯೋಡ್ ಕೆಲಸ ಮುಗೀತು, ವೈರ್ ಬಿಚ್ಚಿ ಟೇಪ್ ಸುತ್ತಿ, ಡಯೋಡ್ ಮಾತ್ರ ಅಲ್ಲೇ ಇರಲಿ, ಗಾಡಿ ಮುಖ ಹಾಗೇ ಉಳಿಯುತ್ತೆ. ಹೊಸದಾಗಿ ಪೌಡರ್ ಕೋಟಿಂಗ್ ಮಾಡ್ಸಿದ್ರೆ ಅರ್ತ್ ಕೂರೋ ಜಾಗದಲ್ಲಿ ಕೆರೆದು ಲೋಹ ಕಾಣಿಸಿ, ಇಂಜಿನ್ನಿಗೆ ಬೇರೇನೇ ಒಂದು ಅರ್ತ್ ವೈರ್ ಎಳೀರಿ. ಬ್ಯಾಟರಿ ವೀಕ್ ಇದ್ರೆ ಈ ಸಿಸ್ಟಮ್ ಮಿಸ್ ಹೊಡೆಯುತ್ತೆ, ಹಳೇ ಇಗ್ನಿಷನ್ ಸ್ವಿಚ್ಚಲ್ಲಿ ವೋಲ್ಟೇಜ್ ಬಿದ್ದೋಗ್ತಿದೆಯಾ ಅಂತ ಮೀಟರ್ ಇಟ್ಟು ನೋಡಿ. ಕೊನೇಗೆ ಟೈಮಿಂಗ್ ಸ್ಟ್ರೋಬ್ ಲೈಟಲ್ಲೇ ನೋಡ್ಬೇಕು, ಫುಲ್ ಅಡ್ವಾನ್ಸಲ್ಲಿ 38 ಡಿಗ್ರಿ ಗುರುತಿಗೆ.

ಪ್ರಶ್ನೆ: ಆಮಲ್ ಕಾನ್ಸೆಂಟ್ರಿಕ್ ಕಾರ್ಬುರೇಟರ್, ಎಷ್ಟು ಸಲ ಕ್ಲೀನ್ ಮಾಡಿದ್ರೂ ಐಡ್ಲಿಂಗ್ ನಿಲ್ಲಲ್ಲ.

ಉತ್ತರ: ಪೈಲಟ್ ಜೆಟ್ (ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಕಟ್ಕೊಂಡಿರುತ್ತೆ. ಇದ್ರಲ್ಲಿ ಅದು ಬಾಡಿ ಒಳಗೇ ಒತ್ತಿ ಕೂರಿಸಿರೋ ಸಣ್ಣ ಬುಷ್ಷು, ಸ್ಪ್ರೇ ಹೊಡೆದ್ರೆ ತಲುಪಲ್ಲ. ಏರ್ ಸ್ಕ್ರೂ ಪೂರ್ತಿ ಬಿಚ್ಚಿ, ಆ ತೂತಿಂದ 0.016 ಇಂಚ್ ದಪ್ಪದ ಗಿಟಾರ್ ತಂತಿ ನಿಧಾನಕ್ಕೆ ತಳ್ಳಿ, ಒಳಗೆ ತಡೆದು ಆಮೇಲೆ ಸರಕ್ಕನೆ ಹೋಗೋದು ಬೆರಳಿಗೇ ಗೊತ್ತಾಗುತ್ತೆ. ಫ್ಲ್ಯಾಂಜ್ ನಟ್ಟು ಜಾಸ್ತಿ ಬಿಗಿದು ಬಾಗಿದ್ರೆ ಅಲ್ಲಿಂದಲೂ ಗಾಳಿ ಎಳೆಯುತ್ತೆ, ಗಾಜಿನ ಮೇಲಿಟ್ಟು ನೋಡಿ. ಸ್ಲೈಡೂ ಬಾಡೀನೂ ಸವೆದು ಅಲ್ಲಾಡ್ತಿದ್ರೆ ರಿಪೇರಿಗೆ ದುಡ್ಡು ಹಾಕ್ಬೇಡಿ, ಆಮಲ್‌ನದ್ದೇ ಹೊಸ ಪ್ರೀಮಿಯರ್ ಮಾಡೆಲ್ ತಗೊಳ್ಳಿ, ನೋಡೋಕೆ ಹಾಗೇ ಇದೆ, ಸ್ಲೈಡ್ ಗಟ್ಟಿ ಆನೋಡೈಸ್ ಮಾಡಿರೋ ಅಲ್ಯೂಮಿನಿಯಮ್ಮಿಂದು, ಪೈಲಟ್ ಜೆಟ್ಟೂ ಬಿಚ್ಚೋಕೆ ಬರುತ್ತೆ.

ಪ್ರಶ್ನೆ: ಗಾಡಿ ನಿಲ್ಸಿದ್ರೆ ಆಯಿಲ್ ಟ್ಯಾಂಕಿನ ಆಯಿಲೆಲ್ಲ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ಪೈಪಿಗೆ ಒಂದು ವಾಲ್ವ್ ಹಾಕ್ಲಾ?

ಉತ್ತರ: ಬೇಡ. ತೆರೆಯೋದು ಒಂದೇ ಒಂದು ದಿನ ಮರೆತ್ರೆ ಇಂಜಿನ್ ಆಯಿಲ್ ಇಲ್ಲದೇ ಓಡುತ್ತೆ. ಹಾಕ್ಲೇಬೇಕು ಅಂದ್ರೆ, ಮುಚ್ಚಿದ್ದಾಗ ಇಗ್ನಿಷನ್ನೇ ಕಟ್ ಆಗೋ ಸ್ವಿಚ್ ಇರೋದನ್ನ ಹಾಕಿ. ಅದಕ್ಕೂ ಮೊದಲು ಆಯಿಲ್ ಪಂಪ್ ಬಿಚ್ಚಿ, ಆಯಿಲ್ ತಾನಾಗೇ ಇಳಿಯದಂಗೆ ತಡೆಯೋ ಬಾಲ್ ಕೂರೋ ಜಾಗ ನೋಡಿ, ಕೊಳೆ ಕೂತಿರುತ್ತೆ. ಹೊಸದಾಗಿ ಜೋಡಿಸಿದ ಇಂಜಿನ್ನಾದ್ರೆ ಜಾಸ್ತಿ ಹಚ್ಚಿದ ಸಿಲಿಕಾನ್ ಗಮ್ಮಿನ ಚೂರೂ ಇರಬಹುದು. ಆಯಿಲ್ ಫಿಲ್ಟರ್ ಹಾಕೋದಾದ್ರೆ ವಾಪಸ್ ಬರೋ ಪೈಪಿಗೆ ಹಾಕಿ, ಪಂಪಿಗೆ ಹೋಗೋ ಪೈಪಿಗೆ ಬೇಡವೇ ಬೇಡ.

ಪ್ರಶ್ನೆ: ಮುಂದಿನ ಬ್ರೇಕ್ ಹಿಡಿಯಲ್ಲ, ಹೊಸ ಶೂ ಹಾಕಿದ ಮೇಲೂ. 8 ಇಂಚಿನ ಡ್ರಮ್ಮು.

ಉತ್ತರ: ಮೊದಲು ಒಂದು ಎಚ್ಚರಿಕೆ, ಹಳೇ ಶೂ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಡ್ರಮ್ಮಿಗೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ನೀರಲ್ಲಿ ನೆನೆಸಿ ಬಟ್ಟೇಲಿ ಒರೆಸಿ, ಬಟ್ಟೇನ ಕವರಿಗೆ ಹಾಕಿ ಕಟ್ಟಿ ಬಿಸಾಕಿ, ಮಾಸ್ಕ್ ಇರಲಿ. ಹೊಸ ಶೂ ಡ್ರಮ್ಮಿನ ಉರುಟಿಗೆ ಪೂರ್ತಿ ಕೂರ್ತಾ ಇರಲ್ಲ, ತುದೀಲೋ ನಡೂಲೋ ಅಷ್ಟೇ ಮುಟ್ತಿರುತ್ತೆ. ಶೂಗಳನ್ನ ಬ್ರೇಕ್ ಪ್ಲೇಟಿಗೆ ಜೋಡಿಸಿ ಲೇತಲ್ಲಿ ಡ್ರಮ್ಮಿನ ಅಳತೆಗೆ ತಿರುಗಿಸ್ಕೊಂಡು ಬನ್ನಿ. ಇದು ಟ್ವಿನ್ ಲೀಡಿಂಗ್ ಶೂ (ಎರಡು ಶೂಗೂ ಬೇರೆಬೇರೆ ಲಿವರ್ ಇರೋ ಬ್ರೇಕು) ಆಗಿರೋದ್ರಿಂದ ಎರಡು ಲಿವರ್ ಮಧ್ಯೆ ಒಂದು ಲಿಂಕ್ ರಾಡ್ ಇದೆ ನೋಡಿ, ಅದನ್ನ ಬಿಚ್ಚಿ ಒಂದೊಂದೇ ಲಿವರ್ ಕೈಯಲ್ಲಿ ಎಳೆದು ಶೂ ಡ್ರಮ್ ಮುಟ್ಟೋ ಜಾಗ ಕಂಡ್ಕೊಳ್ಳಿ, ಎರಡೂ ಒಟ್ಟಿಗೇ ಮುಟ್ಟೋ ಹಾಗೆ ರಾಡಿನ ಉದ್ದ ಹೊಂದಿಸಿ ಜೋಡಿಸಿ, ಕೇಬಲ್ ಬಿಗಿಯೋದು ಆಮೇಲೆ.