500 ವಾಟ್‌ನ ಬೇಸ್ ಗಿಟಾರ್ ಆಂಪ್, 8 ಓಮ್‌ನ ಒಂದೇ ಸ್ಪೀಕರ್ ಕ್ಯಾಬಿನೆಟ್: ಸ್ಟೇಜಿಗೆ ಸಾಕಾ?

ಪಬ್, ಸಣ್ಣ ಹಾಲ್‌ಗಳಿಗೆ ಸಾಮಾನ್ಯವಾಗಿ ಸಾಕು. ಆದರೆ ಆ 500 ವಾಟ್ ನಿಮಗೆ ಪೂರ್ತಿ ಸಿಗುತ್ತಿರಲಿಕ್ಕಿಲ್ಲ. ಆಂಪ್‌ನ ಬೆನ್ನು ನೋಡಿ, ಹೆಚ್ಚಿನವುಗಳಲ್ಲಿ ಆ ಲೆಕ್ಕ 4 ಓಮ್‌ಗೆ ಕೊಟ್ಟಿರುತ್ತಾರೆ (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ). 8 ಓಮ್‌ನ ಒಂದೇ ಕ್ಯಾಬಿನೆಟ್ ಸಿಕ್ಕಿಸಿದರೆ ಬರುವುದು ಸುಮಾರು 250ರಿಂದ 300 ವಾಟ್. ಹಾಗಂತ ಸದ್ದು ಅರ್ಧಕ್ಕಿಳಿಯಿತು ಎಂದು ಗಾಬರಿಯಾಗಬೇಡಿ. ವಾಟ್ ಅರ್ಧವಾದರೆ ಕಡಿಮೆಯಾಗುವುದು ಬರೀ 3 ಡೆಸಿಬಲ್.

ಅದೇ ಮಾದರಿಯ ಇನ್ನೊಂದು 8 ಓಮ್ ಕ್ಯಾಬಿನೆಟ್ ಪ್ಯಾರಲಲ್ ಆಗಿ (ಕರೆಂಟ್ ಎರಡು ದಾರಿಗೆ ಹಂಚಿಹೋಗುವಂತೆ) ಸೇರಿಸಿದರೆ ಒಟ್ಟು 4 ಓಮ್. ಪೂರ್ತಿ ವಾಟ್ ಸಿಗುತ್ತದೆ, ಗಾಳಿ ತಳ್ಳುವ ಕೋನ್‌ಗಳೂ ದುಪ್ಪಟ್ಟು. ನನ್ನ ಪ್ರಕಾರ ನಿಜವಾದ ಲಾಭ ಈ ಎರಡನೆಯದೇ. ಬೇಸ್‌ನ ಇ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಷ್ಟು ತಗ್ಗಿನ ಸದ್ದಿಗೆ ಬಹಳ ಗಾಳಿ ಕದಲಬೇಕು. ಮೂರನೆಯ ಕ್ಯಾಬಿನೆಟ್ ಸೇರಿಸಲು ಹೋಗಬೇಡಿ: 2.67 ಓಮ್‌ಗೆ ಇಳಿಯುತ್ತದೆ, ಅಷ್ಟನ್ನು ತಾಳದ ಆಂಪ್ ಕೆಡಬಹುದು.

ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಹಾಕುವ ಚಾಳಿ ಹಲವರಿಗಿದೆ (ನನಗೂ ಇತ್ತು!). ಅದರ ತಂತಿ ತೆಳು, ಬಿಸಿಯಾಗುತ್ತದೆ. ಸ್ಪೀಕಾನ್ (ತಿರುಗಿಸಿ ಬಿಗಿಯುವ ಸ್ಪೀಕರ್ ಪ್ಲಗ್) ಇರುವ ದಪ್ಪ ಸ್ಪೀಕರ್ ಕೇಬಲ್ಲೇ ಬೇಕು.

ಬಯಲು ಕಾರ್ಯಕ್ರಮವಾದರೆ ಆಂಪ್‌ನ ಡಿಐ ಔಟ್‌ನಿಂದ (ಮಿಕ್ಸರ್‌ಗೆ ಸಿಗ್ನಲ್ ಕಳಿಸುವ ಕಿಂಡಿ) ಪಿಎಗೆ, ಅಂದರೆ ಸಭಿಕರಿಗೆ ಕೇಳಿಸುವ ದೊಡ್ಡ ಸೌಂಡ್ ಸಿಸ್ಟಮ್‌ಗೆ, ಕೊಟ್ಟುಬಿಡಿ. ನಿಮ್ಮ ಕ್ಯಾಬಿನೆಟ್ ಆಗ ನಿಮಗೂ ಡ್ರಮ್ಮರ್‌ಗೂ ಕೇಳಿಸಿದರೆ ಸಾಕು.